ನಂದಿದುರ್ಗ ಡಾಟ್ ಭಾರತ: ಕನ್ನಡದ ವಿಳಾಸಕ್ಕೆ ಬೆಲೆ ಕಟ್ಟುವುದು ಹೇಗೆ?

ನಂದಿದುರ್ಗ ಎಂದಾಗ ಕಣ್ಣ ಮುಂದೆ ಏನು ಬರುತ್ತದೆ ಎಂಬುದು ಆ ಹೆಸರನ್ನು ಕೇಳಿಸಿಕೊಂಡವರು ಎಲ್ಲಿಯವರು ಎನ್ನುವುದರ ಮೇಲಿದೆ. ಚಿಕ್ಕಬಳ್ಳಾಪುರದ ಕಡೆಯವರಿಗೆ ಅದು ಟಿಪ್ಪುವಿನ ಕಾಲದ ಕೋಟೆಯಿರುವ ಬೆಟ್ಟ. ಬೆಂಗಳೂರಿನವರಿಗೆ ಬೆನ್ಸನ್ ಟೌನ್ ಪಕ್ಕ ಹಾದುಹೋಗುವ ರಸ್ತೆ. ಹಳೆಯ ಮೈಸೂರಿನ ಆಡಳಿತದ ಕಡತ ಬಿಚ್ಚಿದರೆ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳನ್ನು ಸೇರಿಸಿ ಮಾಡಿದ್ದ ಒಂದು ವಿಭಾಗ. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನವರಿಗೆ ಮಾತ್ರ ಅದು ಗಣಿ. ಮೈಸೂರು ಗಣಿ, ಚಾಂಪಿಯನ್ ರೀಫ್, ಉರಿಗಾಂ, ಬಾಲಾಘಾಟ್ ಎಂದು ಎಣಿಸುವ ಸಾಲಿನಲ್ಲಿ ಬರುವ ನಂದಿದುರ್ಗ ಗಣಿ. ಬ್ರಿಟಿಷರು ಇಂಗ್ಲಿಷಿನಲ್ಲಿ ‘ನಂಡಿಡ್ರೂಗ್’ ಎಂದು ಬರೆದು ಅದನ್ನು ಲಂಡನ್ನಿನ ಷೇರುಪೇಟೆಯವರೆಗೆ ಒಯ್ದರು. ಅಲ್ಲಿ ಆ ಹೆಸರಿನ ಬೆಲೆ ದಿನದಿನಕ್ಕೂ ಏರಿಳಿಯುತ್ತಿತ್ತು.

ಕನ್ನಡದಲ್ಲಿ ಈ ನಾಲ್ಕಕ್ಕೂ ಬರಹ ಒಂದೇ. ಇಂಟರ್‌ನೆಟ್‌ನಲ್ಲಿ ‘ನಂದಿದುರ್ಗ.ಭಾರತ’ ಎಂಬ ವಿಳಾಸವೂ ಒಂದೇ ಇರಲು ಸಾಧ್ಯ. ಅಂಥದ್ದೊಂದು ವಿಳಾಸ ಮಾರಾಟಕ್ಕೆ ಬಂದರೆ ಮಾರುವವರು ಎಷ್ಟು ಕೇಳಬಹುದು? ಕೊಳ್ಳುವವರು ಎಷ್ಟು ಕೊಟ್ಟರೆ ಮೋಸ ಹೋಗದೆ ಉಳಿಯುತ್ತಾರೆ? ಈ ಪ್ರಶ್ನೆ ನನಗೆ ಮುಖ್ಯ ಎನಿಸಲು ಕಾರಣವಿದೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಊರಿನಲ್ಲೇ ಅಂಗಡಿಯನ್ನೋ ಟ್ಯೂಷನ್ ಕೇಂದ್ರವನ್ನೋ ಟ್ರಾವೆಲ್ಸ್ ಅನ್ನೋ ನಡೆಸುವವರ ಬಳಿ ಭೂಮಿಯಿಲ್ಲ, ಬಂಡವಾಳವಿಲ್ಲ, ಇರುವುದು ಹೆಸರು. ಅದರ ಬೆಲೆ ಎಷ್ಟೆಂದು ತಿಳಿಯದಿದ್ದರೆ ಒಂದೋ ಬೇಡದ ವಿಳಾಸಕ್ಕೆ ದುಡ್ಡು ಸುರಿಯುತ್ತಾರೆ, ಇಲ್ಲವೇ ಬೇಕಾದ ವಿಳಾಸವನ್ನು ಕೈಬಿಡುತ್ತಾರೆ.

ಸ್ವಂತ ಲಿಪಿಯ ವಿಳಾಸಗಳಿಗೆ ಬೆಲೆ ಕಟ್ಟುವ ಕಷ್ಟ ನಮ್ಮೊಬ್ಬರದೇ ಅಲ್ಲ. ಥಾಯ್ಲೆಂಡಿಗೆ 2010ರಲ್ಲೇ ತನ್ನ ಲಿಪಿಯ ‘ಡಾಟ್ ಥಾಯ್’ ಸಿಕ್ಕಿತು. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ ಥಾಯ್ ಅಕ್ಷರಗಳಲ್ಲೇ ‘ಕಾಮ್’ ಎಂದು ಬರೆದ ವಿಳಾಸದ ಇನ್ನೊಂದು ಕೊನೆಯ ತುಣುಕನ್ನೂ ತಂದಿತು. ದೇವನಾಗರಿಗೂ ತಂದಿತು, ಕನ್ನಡಕ್ಕೆ ತರಲಿಲ್ಲ. ನಮ್ಮಲ್ಲಿ 2014ರ ಆಗಸ್ಟ್ 27ರಂದು ‘ಡಾಟ್ ಭಾರತ್’ ಚಾಲನೆ ಪಡೆದದ್ದು ದೇವನಾಗರಿಯಲ್ಲಿ. ಭಾರತಕ್ಕೆ ಮೊದಲು ಸಿಕ್ಕ ಏಳು ಲಿಪಿಗಳ ಪಟ್ಟಿಯಲ್ಲಿ ತಮಿಳು ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ. ನಮ್ಮ ‘ಡಾಟ್ ಭಾರತ’ ಮುಂದಿನ ಸುತ್ತಿನಲ್ಲಿ ಸೇರಿತು. ಇವೆಲ್ಲದರ ಉಸ್ತುವಾರಿ ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ ಕೈಯಲ್ಲಿದೆ. ತಡವಾಗಿ ಬಂದವರಿಗೆ ಪೇಟೆಯಲ್ಲಿ ಆಗುವ ನಷ್ಟ ಕನ್ನಡಕ್ಕೂ ಆಗಿದೆ. ಜನ ಅಷ್ಟರಲ್ಲಿ ಇಂಗ್ಲಿಷ್ ವಿಳಾಸಕ್ಕೆ ಒಗ್ಗಿಹೋಗಿದ್ದರು.

ಚಿನ್ನದ ಊರಿನ ಮಾತಾದ್ದರಿಂದ ಥಾಯ್‌ನ ಒಂದು ಉದಾಹರಣೆ ಹೇಳಲೇಬೇಕು. ಆ ಭಾಷೆಯಲ್ಲಿ ಚಿನ್ನಕ್ಕೆ ‘ಥೋಂಗ್ ಖಮ್’ ಎನ್ನುತ್ತಾರೆ. ಆಭರಣದ ಅಂಗಡಿಯವರು ಕಾದಾಡಿ ಕೊಳ್ಳಬೇಕಾದ ಹೆಸರು ಅದು. ಆದರೆ ಅದರ ಕೊನೆಯಲ್ಲಿರುವ ‘ಅಮ್’ ಎಂಬ ಸ್ವರಚಿಹ್ನೆ ಕೀಲಿಮಣೆಯಲ್ಲಿ ಒಂದೇ ಗುಂಡಿಯಾದರೂ ಡೊಮೇನ್ ನಿಯಮದ ಪ್ರಕಾರ ಇದ್ದ ಹಾಗೆ ಒಳಗೆ ಹೋಗುವಂತಿಲ್ಲ. ಅದನ್ನು ಎರಡು ಚಿಹ್ನೆಗಳಾಗಿ ಒಡೆದೇ ನೋಂದಾಯಿಸಬೇಕು. ಬ್ರೌಸರ್ ಒಳಗೊಳಗೇ ಒಡೆದುಕೊಂಡರೆ ಸರಿ. ಹಾಗೆ ಮಾಡದ ಯಾವುದೋ ತಂತ್ರಾಂಶದಲ್ಲಿ ಅದೇ ಹೆಸರು ಸಿಗದೆ ಹೋಗುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವ ಹೆಸರು ಯಂತ್ರಕ್ಕೆ ಬೇರೆಯೇ ಆಗಿಬಿಡುವ ಈ ತೊಡಕು ಕನ್ನಡದಲ್ಲೂ ಉಂಟು. ಅದು ನೇರವಾಗಿ ಕೆಜಿಎಫ್‌ನ ಊರ ಹೆಸರುಗಳಿಗೇ ತಗಲುತ್ತದೆ.

ಮೊದಲು ಯಂತ್ರದ ಕಡೆಯ ವಿಷಯ. ಇಂಟರ್‌ನೆಟ್‌ನ ವಿಳಾಸ ವ್ಯವಸ್ಥೆ ಹುಟ್ಟಿದಾಗ ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ. 2003ರಲ್ಲಿ ಬಂದ ಪ್ಯೂನಿಕೋಡ್ ಎಂಬ ವಿಧಾನ ಬೇರೆ ಲಿಪಿಯ ಹೆಸರನ್ನು ಆ ಅಕ್ಷರಗಳಲ್ಲೇ ಗುಪ್ತಲಿಪಿಯಂತೆ ಬರೆದಿಡುತ್ತದೆ. ನಮ್ಮ ‘ಭಾರತ’ ಎಂಬ ಕೊನೆಯ ತುಣುಕು ಯಂತ್ರದೊಳಗೆ ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ. ಹೀಗೆ ಬದಲಾದ ರೂಪ 63 ಅಕ್ಷರ ಮೀರುವಂತಿಲ್ಲ. ಕನ್ನಡದ ಹೆಸರು ಒಳಗೆ ಎಷ್ಟು ಜಾಗ ಹಿಡಿಯುತ್ತದೆ ಎಂಬ ಅಂದಾಜು ಹೆಚ್ಚಿನವರಿಗೆ ಇಲ್ಲ. ನಂದಿದುರ್ಗ ಕಿವಿಗೆ ನಾಲ್ಕಕ್ಷರ. ಯುನಿಕೋಡ್ ಲೆಕ್ಕದಲ್ಲಿ ಸೊನ್ನೆ, ಗುಣಿತ, ಒತ್ತು ಎಲ್ಲ ಬಿಡಿಬಿಡಿಯಾಗಿ ಒಂಬತ್ತು ಸಂಕೇತ. ಕೆಜಿಎಫ್ ಪಕ್ಕದ ಬಂಗಾರಪೇಟೆಗೂ ಒಂಬತ್ತೇ. ಇಂಗ್ಲಿಷಿನ ಮೂರಕ್ಷರದ ಕೆಜಿಎಫ್ ಕನ್ನಡಕ್ಕೆ ಬಂದಾಗ ಏಳಾಗುತ್ತದೆ. ಇಂಗ್ಲಿಷ್ ವಿಳಾಸಗಳ ಪೇಟೆಯಲ್ಲಿ ‘ಚಿಕ್ಕದಾದಷ್ಟೂ ದುಬಾರಿ’ ಎಂಬುದು ಮೊದಲ ಸೂತ್ರ. ಮೂರಕ್ಷರದ ಹೆಸರುಗಳು ಒಟ್ಟು 17,576 ಮಾತ್ರ ಸಾಧ್ಯ, ಡಾಟ್ ಕಾಮ್‌ನಲ್ಲಿ ಅವೆಲ್ಲ ಎಂದೋ ಮುಗಿದಿವೆ. ಈ ಸೂತ್ರವನ್ನು ಕನ್ನಡಕ್ಕೆ ತಂದು ಅಂಟಿಸಿದರೆ ಲೆಕ್ಕ ತಪ್ಪುತ್ತದೆ. ಕನ್ನಡದಲ್ಲಿ ಹೆಸರಿನ ಉದ್ದಕ್ಕಿಂತ ಅದನ್ನು ಎಲ್ಲರೂ ಒಂದೇ ರೀತಿ ಬರೆಯುತ್ತಾರೆಯೇ ಎಂಬುದು ಮುಖ್ಯ.

ಇದನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಪರೀಕ್ಷಿಸಿ ನೋಡಬಹುದು. ‘ಟ್’ ಆದ ಮೇಲೆ ‘ಸ’ ಅದರ ಕೆಳಗೆ ಒತ್ತಾಗಿ ಇಳಿಯದೆ ಪಕ್ಕದಲ್ಲಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಡಿಟಿಪಿ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅದನ್ನು ಹಾಕದಿದ್ದರೆ ‘ರಾಬರ್ಟ್ಸನ್ಪೇಟೆ’ ಎಂದು ಅಕ್ಷರಗಳು ಒಂದರ ಕೆಳಗೊಂದು ಜೋತುಬೀಳುತ್ತವೆ. ಹಳೆಯ ಡೊಮೇನ್ ನಿಯಮದಲ್ಲಿ ಈ ಕಾಣದ ಸಂಕೇತವನ್ನು ಯಂತ್ರ ಅಳಿಸಿಹಾಕುತ್ತಿತ್ತು. 2010ರ ಹೊಸ ನಿಯಮ ಷರತ್ತಿನ ಮೇಲೆ ಒಳಗೆ ಬಿಡುತ್ತದೆ. ಹಾಗೆಂದರೆ ಸಂಕೇತ ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ. ಊರಿನ ಜನರಲ್ಲಿ ಕೆಲವರು ‘ರಾಬರ್ಟ್ ಸನ್ ಪೇಟೆ’ ಎಂದು ಬಿಡಿಸುತ್ತಾರೆ, ಕೆಲವರು ‘ರಾಬರ್ಟಸನ್’ ಎನ್ನುತ್ತಾರೆ, ‘ಪೇಟ್’ ಎಂದು ನಿಲ್ಲಿಸುವವರೂ ಇದ್ದಾರೆ. ಆಂಡರ್‌ಸನ್‌ಪೇಟೆಗೂ ಇದೇ ಪಾಡು. ಈ ಹೆಸರುಗಳ ಒಂದು ರೂಪವನ್ನು ಕೊಂಡವರು ಉಳಿದ ನಾಲ್ಕಾರು ರೂಪಗಳಲ್ಲಿ ಬರುವ ಜನರನ್ನು ಕಳೆದುಕೊಳ್ಳುತ್ತಾರೆ. ಬೆಲೆ ಕಟ್ಟುವಾಗ ಅಷ್ಟನ್ನೂ ಕಳೆಯಬೇಕು.

‘ಕೆ.ಜಿ.ಎಫ್.’ ಎಂದು ಚುಕ್ಕಿಯಿಟ್ಟು ಬರೆಯುವ ನಮ್ಮ ಪತ್ರಿಕೆಗಳ ರೂಢಿಯೂ ಇಲ್ಲಿ ಅಡ್ಡ ಬರುತ್ತದೆ. ವಿಳಾಸದಲ್ಲಿ ಚುಕ್ಕಿ ಎಂದರೆ ಮೆಟ್ಟಿಲು. ಒಂದು ಚುಕ್ಕಿ ಹಾಕಿದರೆ ಹೆಸರು ಇನ್ನೊಂದು ಹಂತಕ್ಕೆ ಸೇರುತ್ತದೆ.

ಬಂಗಾರಪೇಟೆಯಲ್ಲಿ ಈ ಯಾವ ತೊಂದರೆಯೂ ಇಲ್ಲ, ಸ್ವಲ್ಪ ನಿಂತು ನೋಡಬೇಕಾದ ಹೆಸರು ಅದು. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನಲ್ಲಿ ಆ ಊರು ಬೌರಿಂಗ್‌ಪೇಟೆ ಆಗಿತ್ತು. ರೈಲ್ವೆಯವರ ಪಟ್ಟಿಯಲ್ಲಿ ಬಂಗಾರಪೇಟೆ ಜಂಕ್ಷನ್ನಿನ ಸಂಕೇತ ಇವತ್ತಿಗೂ ಬಿಡಬ್ಲ್ಯುಟಿ; ಬೌರಿಂಗ್ ಹೋದರೂ ಅವರ ಅಕ್ಷರ ಹೋಗಿಲ್ಲ. ಇಂಗ್ಲಿಷಿನಲ್ಲಿ ಈ ಊರನ್ನು ನಡುವೆ ಒಂದು ‘ಎ’ ಇಟ್ಟು, ಬಿಟ್ಟು, ಕೊನೆಗೆ ‘ಇ’ ಸೇರಿಸಿ, ಸೇರಿಸದೆ ಕಡಿಮೆಯೆಂದರೂ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಒಂದೇ ಬಗೆ. ಒತ್ತಕ್ಷರವಿಲ್ಲ, ಕಾಣದ ಸಂಕೇತವಿಲ್ಲ, ಮೂರನೇ ತರಗತಿಯ ಮಗುವೂ ತಪ್ಪಿಲ್ಲದೆ ಬರೆಯುತ್ತದೆ. ರೇಡಿಯೊದಲ್ಲಿ ಒಮ್ಮೆ ಹೇಳಿದರೆ ಸಾಕು, ಕೇಳಿದವರು ಸರಿಯಾಗಿ ಟೈಪ್ ಮಾಡಬಲ್ಲರು.

ಕನ್ನಡ ಲಿಪಿಯ ಹೆಸರಿನ ಇನ್ನೊಂದು ಬಲ 2014ರ ನವೆಂಬರ್ 1ರಂದು ಕಂಡಿತು. ಅಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ ಸೇರಿದಂತೆ 12 ಊರುಗಳ ಇಂಗ್ಲಿಷ್ ಬರಹ ಬದಲಾಯಿತು. ಹಳೆಯ ಇಂಗ್ಲಿಷ್ ರೂಪದಲ್ಲಿ ವಿಳಾಸ ಕೊಂಡಿದ್ದವರು ಹೊಸದನ್ನೂ ಕೊಳ್ಳಬೇಕಾಯಿತು. ಕಲಬುರಗಿ, ವಿಜಯಪುರದಂಥ ಕೆಲವನ್ನು ಬಿಟ್ಟರೆ ಕನ್ನಡದ ಬರಹದಲ್ಲಿ ಒಂದಕ್ಷರವೂ ಅಲುಗಲಿಲ್ಲ. ಹತ್ತಾರು ವರ್ಷ ಬಾಳಬೇಕಾದ ವಿಳಾಸಕ್ಕೆ ಇದು ದೊಡ್ಡ ಗುಣ. ಬೆಲೆ ಹೇಳುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಡಿ ಜಿಲ್ಲೆಯ ಪೇಟೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ‘ಬಂಗಾರ’ ಎಂಬ ಮೂರಕ್ಷರವನ್ನು ತೆಲುಗಿನಲ್ಲಿ ಬರೆದರೆ ದೂರದಿಂದ ನೋಡುವವರಿಗೆ ಯಾವ ಲಿಪಿ ಎಂದು ತಟ್ಟನೆ ತಿಳಿಯುವುದಿಲ್ಲ. ಜ, ಬ, ಲ, ರ, ಸೊನ್ನೆ ಇವೆಲ್ಲ ಎರಡೂ ಲಿಪಿಯಲ್ಲಿ ಅವಳಿ ಮಕ್ಕಳು. ಕಂಪ್ಯೂಟರಿಗೆ ಮಾತ್ರ ಅವು ಪೂರ್ತಿ ಬೇರೆ ಬೇರೆ. ಒಂದನ್ನು ಬಳಸಿ ಇನ್ನೊಂದರ ಗಿರಾಕಿಯನ್ನು ದಾರಿ ತಪ್ಪಿಸುವುದು ಸುಲಭ. ಅದಕ್ಕಾಗಿಯೇ ಭಾರತದ ಒಂಬತ್ತು ಲಿಪಿಗಳಿಗೆ ನಿಯಮ ಬರೆದ ನವಬ್ರಾಹ್ಮಿ ತಜ್ಞರ ತಂಡ ಕನ್ನಡ ಮತ್ತು ತೆಲುಗಿನ ಇಂಥ ಅಕ್ಷರಗಳನ್ನು ಒಂದಕ್ಕೊಂದು ಪರ್ಯಾಯವೆಂದು ಗುರುತಿಸಿತು. ವಿಳಾಸದ ಕೊನೆಯ ತುಣುಕಿನ ಮಟ್ಟದಲ್ಲಿ ಒಂದೇ ರೂಪದ ಎರಡು ಹೆಸರು ಇಬ್ಬರಿಗೆ ಹೋಗದಂತೆ ತಡೆ ಹಾಕಿತು. ಕೆಳಗಿನ ಮಟ್ಟದಲ್ಲಿ ಕೊಳ್ಳುವವರೇ ನೋಡಿಕೊಳ್ಳಬೇಕು.

ಈಗ ಬೆಲೆಯ ಮಾತು. ಕೆಜಿಎಫ್‌ಗೆ ಬೆಲೆ ಕಟ್ಟುವ ವಿದ್ಯೆ ಹೊಸದಲ್ಲ. ಸುರಂಗದಲ್ಲಿ ಬೆಣಚುಕಲ್ಲಿನ ಪಟ್ಟೆ ಕಂಡ ಮಾತ್ರಕ್ಕೆ ಅಲ್ಲಿ ಚಿನ್ನವಿದೆಯೆಂದು ಯಾರೂ ನಂಬುತ್ತಿರಲಿಲ್ಲ. ಪಟ್ಟೆಯ ಉದ್ದಕ್ಕೂ ಗೊತ್ತಾದ ಅಂತರದಲ್ಲಿ ಚೂರು ತೆಗೆದು, ಪುಡಿ ಮಾಡಿ, ಸೀಸದೊಂದಿಗೆ ಕುಲುಮೆಯಲ್ಲಿ ಕರಗಿಸಿ, ಸೀಸ ಹೀರಿಕೊಂಡು ಹೋದ ಮೇಲೆ ಉಳಿದ ಮಣಿಯಿಂದ ಬೆಳ್ಳಿಯನ್ನು ಆಸಿಡ್‌ನಲ್ಲಿ ಬಿಡಿಸಿ, ಚಿನ್ನವನ್ನು ತೂಗಿ ‘ಟನ್ನಿಗೆ ಇಷ್ಟು’ ಎಂದು ಬರೆದಿಡುತ್ತಿದ್ದರು. ಒಂದು ಚೂರಿನಲ್ಲಿ ಕಣ್ಣು ಕುಕ್ಕುವಷ್ಟು ಚಿನ್ನ ಸಿಕ್ಕರೂ ಅದನ್ನೇ ನಂಬಿ ತೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಸರಾಸರಿಯನ್ನು, ಅದು ತೋಡುವ ಖರ್ಚನ್ನು ಮೀರುತ್ತದೆಯೇ ಎಂಬುದನ್ನು. ಮೊದಮೊದಲು ಟನ್ನಿಗೆ ನಲವತ್ತು ಗ್ರಾಂ ಮೀರಿದ್ದ ಚಿನ್ನ ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದನ್ನು ಮೇಲೆತ್ತುವ ಖರ್ಚು ಹುಟ್ಟದಾಯಿತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನೆಲದೊಳಗೆ ಚಿನ್ನ ಆಗಲೂ ಇತ್ತು.

ಡೊಮೇನ್ ಹೆಸರಿಗೂ ಇದೇ ಶಿಸ್ತು ಬೇಕು. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಎಂಬ ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಹೆಸರು ಮಾರುವವರು ಎಲ್ಲೆಡೆ ಇದನ್ನೇ ಎತ್ತಿ ತೋರಿಸುತ್ತಾರೆ. ಅದು ಒಂದು ಚೂರು ಮಾತ್ರ. ಸರಾಸರಿ ಬೇರೆಯೇ ಕಥೆ ಹೇಳುತ್ತದೆ. ಹೆಸರುಗಳನ್ನು ಕೊಂಡಿಟ್ಟು ಮಾರುವ ಕಸುಬಿನವರು ಸಾಮಾನ್ಯವಾಗಿ ಹೇಳುವ ಲೆಕ್ಕ, ಒಳ್ಳೆಯ ಇಂಗ್ಲಿಷ್ ಹೆಸರುಗಳಲ್ಲೂ ವರ್ಷಕ್ಕೆ ನೂರಕ್ಕೆ ಒಂದೆರಡು ಮಾರಾಟವಾದರೆ ಹೆಚ್ಚು ಎಂಬುದು. ಒಂದು ಹೆಸರಿನ ನವೀಕರಣಕ್ಕೆ ವರ್ಷಕ್ಕೆ 700 ರೂಪಾಯಿ ಎಂದುಕೊಳ್ಳೋಣ. ನೂರು ಹೆಸರಿಗೆ 70,000. ನೂರರಲ್ಲಿ ಎರಡು ಮಾರಾಟವಾದರೆ ಒಂದೊಂದಕ್ಕೆ 35,000 ರೂಪಾಯಿ ಬಂದಾಗಷ್ಟೇ ಅಸಲು ಹುಟ್ಟಿತು. ಕನ್ನಡದ ಹೆಸರುಗಳಲ್ಲಿ ಇನ್ನೂರಕ್ಕೆ ಒಂದು ಮಾರಾಟವಾಗುತ್ತದೆ ಎಂದು ಹಿಡಿದರೆ ಆ ಒಂದರಿಂದಲೇ 1,40,000 ಬರಬೇಕು. ಬಂಗಾರಪೇಟೆಯ ಯಾವ ಅಂಗಡಿಯವರು ಒಂದು ವಿಳಾಸಕ್ಕೆ ಅಷ್ಟು ಕೊಟ್ಟಾರು? ಹಾಗಾಗಿ ಕನ್ನಡದ ಹೆಸರುಗಳನ್ನು ಮೂಟೆ ಕಟ್ಟಿಟ್ಟುಕೊಂಡು ಮುಂದೊಂದು ದಿನ ಮಾರುತ್ತೇನೆ ಎನ್ನುವವರಿಗೆ ನಾನು ನೇರವಾಗಿ ಬೇಡ ಎನ್ನುತ್ತೇನೆ.

ಇದಕ್ಕೆ ಎದುರಾಗಿ ಸೈನೈಡ್ ದಿಬ್ಬಗಳನ್ನು ತೋರಿಸುವವರಿದ್ದಾರೆ. ಚಿನ್ನ ತೆಗೆದು ಬಿಸಾಡಿದ ಆ ಬೂದಿ ಮಣ್ಣಿನಲ್ಲಿ ಉಳಿದ ಅಷ್ಟಿಷ್ಟು ಚಿನ್ನಕ್ಕೆ ಈಗ ಬೆಲೆ ಬಂದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ಕಸವೆನಿಸಿದ ಕನ್ನಡ ವಿಳಾಸಕ್ಕೂ ನಾಳೆ ಅಂಥ ದಿನ ಬರಬಾರದೇಕೆ ಎಂಬುದು ಅವರ ವಾದ. ಬರಬಹುದು. ಆದರೆ ದಿಬ್ಬ ಎರಡು ದಶಕ ಸುಮ್ಮನೆ ಬಿದ್ದಿದ್ದರೂ ಯಾರೂ ಅದನ್ನು ಕಿತ್ತುಕೊಳ್ಳಲಿಲ್ಲ. ವಿಳಾಸದ ಶುಲ್ಕ ಒಂದು ವರ್ಷ ತಪ್ಪಿದರೆ ಸ್ವಲ್ಪ ದಿನದ ಗಡುವು ಕೊಟ್ಟು ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಕಾಯುವುದಕ್ಕೆ ಇಲ್ಲಿ ಪ್ರತಿ ವರ್ಷ ಬಾಡಿಗೆ ಇದೆ.

ಹಾಗಾದರೆ ಸರಾಸರಿಯನ್ನು ಕೆಳಗೆಳೆಯುತ್ತಿರುವುದು ಯಾವುದು? ನನ್ನ ಪ್ರಕಾರ ಮುಖ್ಯ ಕಾರಣ ಬಳಸಲು ಇರುವ ತೊಡಕು. ಕನ್ನಡದ ವಿಳಾಸ ಬ್ರೌಸರಿನಲ್ಲಿ ತೆರೆಯುತ್ತದೆ. ಅದೇ ವಿಳಾಸದ ಇಮೇಲನ್ನು ಬ್ಯಾಂಕಿನ ಫಾರ್ಮಿನಲ್ಲೋ ಕಾಲೇಜಿನ ಅರ್ಜಿಯಲ್ಲೋ ತುಂಬಿದರೆ ‘ವಿಳಾಸ ಸರಿಯಿಲ್ಲ’ ಎಂಬ ಕೆಂಪಕ್ಷರ ಬರುತ್ತದೆ. ಸ್ವಂತ ಲಿಪಿಯ ಇಮೇಲಿಗೆ ಬೇಕಾದ ತಾಂತ್ರಿಕ ನಿಯಮ 2012ರಲ್ಲೇ ಸಿದ್ಧವಾಯಿತು. 2014ರಲ್ಲಿ ಜಿಮೇಲ್ ಅಂಥ ವಿಳಾಸಗಳ ಜೊತೆ ಪತ್ರವ್ಯವಹಾರಕ್ಕೆ ದಾರಿ ಮಾಡಿತು. ನಿಕ್ಸಿ 2024ರ ಮಾರ್ಚ್ 21ರಂದು ಭಾಷಾನೆಟ್ ಎಂಬ ಕಾರ್ಯಕ್ರಮವನ್ನೇ ಇದಕ್ಕಾಗಿ ಶುರುಮಾಡಿತು. ಆದರೂ ನಮ್ಮ ಎಷ್ಟೋ ಫಾರ್ಮುಗಳನ್ನು ಬರೆದವರು ಇಮೇಲ್ ಎಂದರೆ ಇಂಗ್ಲಿಷ್ ಅಕ್ಷರ ಎಂದೇ ನಂಬಿ ಬರೆದಿದ್ದಾರೆ. ಕೆಲವು ಆ್ಯಪ್‌ಗಳಲ್ಲಿ ಕನ್ನಡದ ವಿಳಾಸ ಕಳಿಸಿದರೆ ಅದು ಒತ್ತಬಹುದಾದ ಲಿಂಕ್ ಆಗುವುದೇ ಇಲ್ಲ. ಕನ್ನಡದ ಹಿಂದೆ ಡಾಟ್ ಕಾಮ್ ಹಾಕಿ ಕೊಳ್ಳುವುದಕ್ಕೂ ಅವಕಾಶವಿದೆ. ಆಗ ಹೆಸರಿನ ಮಧ್ಯೆ ಕೀಲಿಮಣೆ ಬದಲಿಸಬೇಕು, ಅಲ್ಲೇ ಅರ್ಧ ಜನ ಬಿಟ್ಟುಹೋಗುತ್ತಾರೆ. ಇಷ್ಟರ ನಡುವೆ ಗಿರಾಕಿಗಳು ವಿಳಾಸ ಟೈಪ್ ಮಾಡುವುದನ್ನೇ ಕಡಿಮೆ ಮಾಡಿದ್ದಾರೆ. ಅಂಗಡಿಯ ಮುಂದಿನ ಕ್ಯೂಆರ್ ಚೌಕಕ್ಕೆ ಮೊಬೈಲ್ ಹಿಡಿಯುತ್ತಾರೆ, ಮ್ಯಾಪಿನಲ್ಲಿ ಬಾಯಿಮಾತಿನಲ್ಲೇ ಕೇಳುತ್ತಾರೆ.

ಎರಡನೆಯ ಕಾರಣ ಈ ನೆಲದ್ದೇ. ಥಾಯ್ಲೆಂಡಿನ ಅಂಗಡಿಯವರಿಗೆ ಒಂದು ಲಿಪಿ ಸಾಕು. ಕೆಜಿಎಫ್‌ನಲ್ಲಿ ಹಾಗಲ್ಲ. ಗಣಿಯ ಕೆಲಸಕ್ಕೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರಿನ ಕಡೆಯಿಂದ ಬಂದ ಕುಟುಂಬಗಳ ಮೊಮ್ಮಕ್ಕಳು ಇಲ್ಲಿ ತಮಿಳು ಆಡುತ್ತಾರೆ, ಸುತ್ತಲಿನ ಹಳ್ಳಿಗಳಲ್ಲಿ ತೆಲುಗು, ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ. ಎಲ್ಲರನ್ನೂ ಮುಟ್ಟಬೇಕೆಂದರೆ ಕನ್ನಡದಲ್ಲಿ ಡಾಟ್ ಭಾರತ, ತೆಲುಗಿನಲ್ಲಿ ಡಾಟ್ ಭಾರತ್, ತಮಿಳಿನಲ್ಲಿ ಡಾಟ್ ಇಂದಿಯಾ ಎಂದು ಮೂರು ಹೆಸರು, ಮೂರು ಶುಲ್ಕ. ಇಂಥ ಊರಿನಲ್ಲಿ ಇಂಗ್ಲಿಷಿನ ಮೂರಕ್ಷರ ಎಲ್ಲರಿಗೂ ಸಮಾನ ದೂರದಲ್ಲಿ ನಿಂತಿರುತ್ತದೆ. ಅದನ್ನು ಒಪ್ಪಿಕೊಂಡೇ ಕನ್ನಡದ ಹೆಸರಿಗೆ ಬೆಲೆ ಹೇಳಬೇಕು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಬೆಲೆ ಹೆಚ್ಚಿಸಿ ಹೇಳುವವರು ಈ ಸಂಖ್ಯೆಯನ್ನು ಮುಂದೆ ಮಾಡುತ್ತಾರೆ. ಬಂಗಾರಪೇಟೆಯ ಅಂಗಡಿಗೆ ಬರುವವರು 4.37 ಕೋಟಿ ಜನರಲ್ಲ.

ಕೆಜಿಎಫ್ ಎಂಬ ಹೆಸರಿನ ಪಾಡು ಇನ್ನೂ ಬೇರೆ. 2018ರ ಡಿಸೆಂಬರ್ 21ರಂದು ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಚಿತ್ರ ತೆರೆ ಕಂಡಿತು, 2022ರ ಏಪ್ರಿಲ್ 14ರಂದು ಅದರ ಎರಡನೆಯ ಭಾಗ. ಅಲ್ಲಿಂದಾಚೆಗೆ ಆ ಮೂರಕ್ಷರ ಹುಡುಕುವವರಿಗೆ ಮೊದಲು ಸಿಗುವುದು ಚಿತ್ರದ ನಾಯಕ ಯಶ್, ಆಮೇಲೆ ಊರು. ಊರಿನದೇ ಆದ ಹೆಸರು ಊರಿನವರಿಗೇ ಸುಲಭವಾಗಿ ಸಿಗದಂತಾಯಿತು. ಈ ಹೆಸರನ್ನು ಕೊಂಡು ಸಿನಿಮಾದ ಗುಂಗಿನಲ್ಲಿ ವ್ಯಾಪಾರ ಮಾಡಹೊರಟವರಿಗೆ ಚಿತ್ರದ ನಿರ್ಮಾಪಕರಿಂದ ನೋಟಿಸ್ ಬರುವ ಸಾಧ್ಯತೆಯೂ ಬೆಲೆಯ ಲೆಕ್ಕದಲ್ಲಿ ಸೇರಬೇಕು.

ಕಾನೂನಿನ ಮಾತು ಬಂದಾಗ ಬೆಂಗಳೂರಿನ ಒಂದು ಮೊಕದ್ದಮೆ ನೆನೆಯಬೇಕು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕುಗಳಿಂದ ‘ಸಿಫಿ’ ಎಂಬ ಪದ ಕಟ್ಟಿ ವಿಳಾಸಗಳನ್ನು ಕೊಂಡಿತ್ತು. ಇನ್ನೊಂದು ಕಂಪನಿ ಅದಕ್ಕೆ ಒಂದಕ್ಷರ ಹೆಚ್ಚು ಸೇರಿಸಿದ ವಿಳಾಸದಲ್ಲಿ ವ್ಯವಹಾರ ಶುರುಮಾಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಸತ್ಯಂ ಪರ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆರವು ಮಾಡಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ಕೆಳಗಿನ ನ್ಯಾಯಾಲಯದ ಆದೇಶವನ್ನೇ ಎತ್ತಿಹಿಡಿದು, ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿನಂತೆ ಅದಕ್ಕೂ ರಕ್ಷಣೆ ಇದೆ ಎಂದಿತು. ದೇಶದಲ್ಲಿ ಡೊಮೇನ್ ವ್ಯಾಜ್ಯಗಳಿಗೆ ಇವತ್ತಿಗೂ ಆಧಾರ ಈ ತೀರ್ಪೇ. ಯಾರೋ ಕಟ್ಟಿ ಬೆಳೆಸಿದ ಹೆಸರನ್ನು ಕನ್ನಡಕ್ಕೆ ಇಳಿಸಿ ಮೊದಲು ನೋಂದಾಯಿಸಿಬಿಟ್ಟರೆ ದುಡ್ಡು ಮಾಡಬಹುದು ಎಂದುಕೊಳ್ಳುವವರು ಇದನ್ನು ಓದಬೇಕು. ಅಂಥ ಹೆಸರಿಗೆ ಬೆಲೆಯಿಲ್ಲ, ಅದರ ಬೆನ್ನಿಗೆ ಇರುವುದು ಕೋರ್ಟಿನ ಖರ್ಚು.

ಊರ ಹೆಸರುಗಳ ವಿಷಯ ಹಾಗಲ್ಲ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆ ಬರೀ ಊರ ಹೆಸರನ್ನು ಒಬ್ಬರ ಗುರುತಾಗಿ ನೋಂದಾಯಿಸಲು ಸುಲಭವಾಗಿ ಬಿಡುವುದಿಲ್ಲ. ಡೊಮೇನ್‌ನಲ್ಲಿ ಮೊದಲು ಬಂದವರಿಗೆ ಮೊದಲು. ಬಾರ್ಸಿಲೋನಾ ಡಾಟ್ ಕಾಮ್‌ಗಾಗಿ ಆ ನಗರಸಭೆಯೇ ಹೋರಾಡಿತು. ಮಧ್ಯಸ್ಥಿಕೆಯಲ್ಲಿ ಗೆದ್ದಿತ್ತು, 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಬೆಂಗಳೂರಿನ ಬೀದಿಬೀದಿಯಲ್ಲಿ ‘ಬಂಗಾರಪೇಟೆ ಚಾಟ್ಸ್’ ಬೋರ್ಡು ಕಾಣುತ್ತೇವೆ. ತಿಳಿನೀರಿನ ಆ ಪಾನಿಪುರಿಯನ್ನು ರೂಢಿಗೆ ತಂದ ಊರಿನ ಹೆಸರು ನೂರಾರು ಜನರ ಹೊಟ್ಟೆಪಾಡು. ಯಾರೊಬ್ಬರೂ ಅದರ ಒಡೆಯರಲ್ಲ. ಆದರೆ ‘ಬಂಗಾರಪೇಟೆ.ಭಾರತ’ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಬೋರ್ಡಿನ ಮೇಲೆ ಎಲ್ಲರಿಗೂ ಸೇರಿದ ಹೆಸರು ವಿಳಾಸದಲ್ಲಿ ಒಬ್ಬರದಾಗುವ ಈ ಗುಣವೇ ಅದಕ್ಕೆ ಬೆಲೆ ತರುವಂಥದ್ದು. ಅದು ವ್ಯಾಪಾರಿಯ ಕೈಗೆ ಹೋಗುವುದಕ್ಕಿಂತ ಪುರಸಭೆಯ ಕೈಯಲ್ಲಿರಬೇಕು ಎಂದು ನಾನು ವಾದಿಸುತ್ತೇನೆ. ವರ್ಷಕ್ಕೆ ಕೆಲವು ನೂರು ರೂಪಾಯಿಯ ಬಾಬ್ತು ಅದು. ಜನನ ಪ್ರಮಾಣಪತ್ರ, ಆಸ್ತಿ ತೆರಿಗೆ, ರೈಲಿನ ಸಮಯ, ಚಾಟ್ಸ್ ಮಾರುವವರ ಪಟ್ಟಿ ಎಲ್ಲಕ್ಕೂ ಊರಿನವರು ತಮ್ಮ ಅಕ್ಷರದಲ್ಲೇ ಹೋಗಬಹುದು.

ನಾಲ್ಕೂ ಹೆಸರುಗಳಿಗೆ ನಾನು ಹೇಳುವ ಬೆಲೆ ಹೀಗಿದೆ. ಬಂಗಾರಪೇಟೆ ಎಲ್ಲಕ್ಕಿಂತ ಮೇಲು. ಹತ್ತು ವರ್ಷದ ನವೀಕರಣ ಶುಲ್ಕ, ಅದರ ಮೇಲೆ ಅಂಗಡಿಯ ಬೋರ್ಡು, ಡಬ್ಬಿ, ಬಿಲ್ ಪುಸ್ತಕಗಳನ್ನು ಹೊಸ ವಿಳಾಸದಲ್ಲಿ ಮತ್ತೆ ಅಚ್ಚು ಹಾಕಿಸುವ ಖರ್ಚು, ಇವೆರಡರ ಮೊತ್ತದವರೆಗೆ ಕೊಡಬಹುದು. ಒಂದು ಹೆಸರನ್ನು ಕಳೆದುಕೊಂಡರೆ ಆಗುವ ನಷ್ಟವೂ ಸುಮಾರು ಅಷ್ಟೇ ಆದ್ದರಿಂದ. ಕನ್ನಡದ ‘ಕೆಜಿಎಫ್’ಗೆ ನೋಂದಣಿ ಶುಲ್ಕಕ್ಕಿಂತ ಒಂದು ರೂಪಾಯಿ ಹೆಚ್ಚು ಬೇಡ, ಸಿನಿಮಾದ ನೆರಳು ದಟ್ಟವಾಗಿದೆ. ರಾಬರ್ಟ್‌ಸನ್‌ಪೇಟೆಯನ್ನು ಅಲ್ಲಿಯವರು ಕೊಳ್ಳುವುದಾದರೆ ಕಾಣದ ಸಂಕೇತ ಇರುವ ರೂಪ, ಇಲ್ಲದ ರೂಪ ಎರಡನ್ನೂ ಕೊಳ್ಳಬೇಕು. ಒಂದಷ್ಟೇ ಸಿಗುವುದಾದರೆ ಬಿಟ್ಟುಬಿಡುವುದು ಒಳ್ಳೆಯದು.

ನಂದಿದುರ್ಗದಲ್ಲಿ ಯೋಚನೆ ಬೇಕು. ಆ ಹೆಸರನ್ನು ಟೈಪ್ ಮಾಡುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಬೆಟ್ಟದ ಸೂರ್ಯೋದಯ, ವಸತಿ, ಪಾರ್ಕಿಂಗ್. ಪ್ರವಾಸದ ವ್ಯಾಪಾರ ಮಾಡುವವರಿಗೆ ಅದು ಬಂಗಾರಪೇಟೆಗಿಂತ ದುಬಾರಿಯಾಗಬಹುದು. ಗಣಿಯ ಚರಿತ್ರೆ ಬರೆಯಹೊರಟ ಕೆಜಿಎಫ್‌ನ ಹುಡುಗಿಗೆ ಅದೇ ಹೆಸರು ಅಷ್ಟು ಒಳ್ಳೆಯದಲ್ಲ, ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ತಪ್ಪು ಬಾಗಿಲಿಗೆ ಬಂದಂತೆ ಹಿಂತಿರುಗುತ್ತಾರೆ. ಆಕೆಗೆ ‘ನಂದಿದುರ್ಗಗಣಿ’ ಎಂಬ ಉದ್ದನೆಯ ಹೆಸರು, ಯಾರೂ ಕಣ್ಣಿಡದ ಹೆಸರು, ನೋಂದಣಿ ಶುಲ್ಕಕ್ಕೇ ಸಿಗುವ ಹೆಸರು ಹೆಚ್ಚು ಬೆಲೆಯುಳ್ಳದ್ದು. ಅಪ್ಪ ಅಜ್ಜ ಇಳಿದ ಶಾಫ್ಟಿನ ಹೆಸರು ಹುಡುಕಿ ಬರುವವರು ಕಡಿಮೆ ಇರಬಹುದು, ಬಂದವರು ಓದುತ್ತಾರೆ.

ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಇನ್ನೊಂದಿದೆ. ಈ ಕಡೆ ವೆಬ್‌ಸೈಟ್ ಮಾಡಿಸುವವರು ಸಾಮಾನ್ಯವಾಗಿ ಎಲ್ಲವನ್ನೂ ಡಿಸೈನ್ ಮಾಡುವವರಿಗೇ ಬಿಡುತ್ತಾರೆ. ಅವರು ವಿಳಾಸವನ್ನು ತಮ್ಮ ಹೆಸರಿನಲ್ಲಿ, ತಮ್ಮ ಇಮೇಲಿನಲ್ಲಿ ನೋಂದಾಯಿಸಿರುತ್ತಾರೆ. ನವೀಕರಣದ ನೆನಪೋಲೆ ಅವರಿಗೆ ಹೋಗುತ್ತದೆ, ಅಂಗಡಿಯವರಿಗೆ ಅಲ್ಲ. ಕಾಗದದಲ್ಲಿ ಒಡೆತನ ಅವರದೇ. ನೋಂದಣಿ ಸ್ವಂತ ಹೆಸರಿನಲ್ಲಿರಲಿ, ಮೊಬೈಲ್ ನಂಬರ್ ಸ್ವಂತದ್ದಿರಲಿ, ಕೈಯಲ್ಲಾದರೆ ಐದೋ ಹತ್ತೋ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿ ರಸೀದಿಯನ್ನು ಅಂಗಡಿಯ ಲೈಸೆನ್ಸ್ ಇಡುವ ಫೈಲಿನಲ್ಲೇ ಇಡಿ.